ಮಲಕಪ್ಪನ ಕೈಗೆ ಬಂದ ವಾದ್ಯಗಳು

ಕಮತಗಿಯ ಮಲಕಪ್ಪ ಹುಟ್ಟು ಡೊಳ್ಳಿನವನು; ಮಾತಾಡುವಾಗಲೂ ಅವನ ಬೆರಳುಗಳು ಪಕ್ಕದಲ್ಲಿದ್ದವರ ಬೆನ್ನ ಮೇಲೆ ಕುಣಿಯುತ್ತಿದ್ದವು. ನಮ್ಮ ಭಜನಾ ಮೇಳದಲ್ಲಿ ಅವನಿಗೆ ಬೇರೆ ವಾದ್ಯ ಗೊತ್ತೇ ಇರಲಿಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಹಾರ್ಮೋನಿಯಂ ಪೇಟಿ ನುಡಿಸುವ ಅಂದಪ್ಪ ತೀರಿಕೊಂಡ. ಮುಂದಿನ ಸೋಮವಾರ ಮಲಕಪ್ಪ ಪೇಟಿಯ ಮುಂದೆ ಕುಳಿತು ತಪ್ಪಿಲ್ಲದೆ ನುಡಿಸಿದ; ಅಂದಪ್ಪ ಕೆಮ್ಮಲೆಂದು ನಿಲ್ಲಿಸುತ್ತಿದ್ದ ಜಾಗದಲ್ಲಿ ತಾನೂ ನಿಲ್ಲಿಸಿದ. ಎರಡು ವರ್ಷಕ್ಕೆ ಏಕತಾರಿಯ ಹೊಳಬಸಪ್ಪ ಹೋದ, ಏಕತಾರಿಯೂ ಮಲಕಪ್ಪನಿಗೆ ಒಲಿಯಿತು. ಹಾಡುವ ರೇಣವ್ವ ಹೋದ ಮೇಲೆ ಅವನ ಗಂಟಲಿನಿಂದ ಅವಳದೇ ದನಿ ಎದ್ದಾಗ ಅವಳ ಗಂಡ ಎದ್ದು ಹೊರಗೆ ನಡೆದ. ಬಾಗಲಕೋಟೆಯವರು ಕರೆಸಿ ಶಾಲು ಹೊದಿಸಿ, “ಇಷ್ಟೆಲ್ಲಾ ಯಾರ ಕಡಿಂದ ಕಲತ್ರಿ?” ಎಂದರೆ, “ಕಲೀಲಿಲ್ರಿ, ಕೈಗೆ ಬಂತ್ರಿ” ಎಂದು ತಲೆ ತಗ್ಗಿಸುತ್ತಿದ್ದ. ಹಳೆಯ ಮೇಳದಲ್ಲಿ ಈಗ ಉಳಿದವರು ಅವನು ಮತ್ತು ತಾಳ ಹಾಕುವ ನಾನು. ಮೊನ್ನೆ ನೀರು ಕುಡಿಯಲೆಂದು ತಾಳ ಕೆಳಗಿಟ್ಟೆ. ಮಲಕಪ್ಪ ಎತ್ತಿಕೊಂಡು ಬಾರಿಸಿದ. ನನ್ನ ಎಡಗೈ ಮುರಿದು ಕೂಡಿದಾಗಿನಿಂದ ನಾಲ್ಕನೇ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಅವನದೂ ಹಾಗೆಯೇ ಬಿತ್ತು. ತಟ್ಟನೆ ತಾಳವನ್ನು ನನ್ನ ಮಡಿಲಿಗೆ ಹಾಕಿ, ನನ್ನ ಎರಡೂ ಕೈ ಹಿಡಿದುಕೊಂಡು, “ಇದು ನನಗ ಬ್ಯಾಡೋ, ನೀನ ಬಾರಿಸು, ನೀನ ಬಾರಿಸು” ಎಂದು ಅಳತೊಡಗಿದ.