ನೂರೈವತ್ತು ಪದಕ್ಕೆ ಬಗ್ಗದ ಖಾಲಾ

ಖಾಲಾ ಅವರ ಬಲಗೈ ತೋರುಬೆರಳು ಸೊಟ್ಟಗಿತ್ತು. ಯಾವ ಕಾಲದಲ್ಲೋ ಬಾಗಿಲ ಸಂದಿಗೆ ಸಿಕ್ಕಿ, ತುದಿಯ ಗೆಣ್ಣು ಎಡಕ್ಕೆ ತಿರುಗಿ ಹಾಗೇ ಕೂತುಬಿಟ್ಟಿತ್ತು. ಉಗುರಿಗೆ ಸದಾ ಮೆಹಂದಿಯ ಕೆಂಪು. ಅವರು ಒಬ್ಬರತ್ತ ಬೆರಳು ತೋರಿಸಿ ಬೈಯಲು ಶುರುಮಾಡಿದರೆ ಪಕ್ಕದಲ್ಲಿ ನಿಂತವರು ಬೆವರುತ್ತಿದ್ದರು. ಮೊದಮೊದಲು ನಾನೂ ಹಾಗೆ ಬೆವರಿದವಳೇ. ನೀರು ಪೋಲು ಮಾಡಿದ್ದು ಎದುರುಮನೆಯವಳು, ಬೆರಳು ಮಾತ್ರ ನನ್ನ ಕಡೆ.

ಶಿವಾಜಿನಗರದ ಆ ಗಲ್ಲಿಯಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಹಾವೇರಿಯಿಂದ ಬಂದವಳು, ಕೆ.ಆರ್. ಪುರದ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತೆ. ಖಾಲಾ ಅಂದರೆ ಚಿಕ್ಕಮ್ಮ. ಗಲ್ಲಿಯಲ್ಲಿ ತರಕಾರಿಯವನಿಂದ ಹಿಡಿದು ಎಲ್ಲರಿಗೂ ಅವರು ಖಾಲಾನೇ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ನನ್ನ ಜೊತೆ ಕನ್ನಡ. ಮೂರರಲ್ಲೂ ಬಾಯಿಗೆ ಬಿಡುವಿಲ್ಲ. ಒಂದು ಬಕೆಟ್ ನೀರಿನ ವಿಷಯ ಹೇಳಬೇಕಿದ್ದರೂ ತಮ್ಮ ಮದುವೆಯಿಂದಲೇ ಶುರುಮಾಡಬೇಕು. ಸುಸ್ತಾಗಿ ಆಫೀಸಿನಿಂದ ಬಂದಾಗ ಮೆಟ್ಟಿಲ ಬುಡದಲ್ಲಿ ಸಿಕ್ಕರೆ ನನ್ನ ಸಂಜೆ ಮುಗೀತು. ಎಷ್ಟೋ ಸಲ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹತ್ತಿದ್ದೇನೆ. 'ಕಳ್ಳಿ ಹೋಗ್ತಾ ಇದಾಳೆ ನೋಡು' ಅಂತ ಒಳಗಿಂದ ಕೇಳಿಸುತ್ತಿತ್ತು.

ಆ ಮನೆಯಲ್ಲಿದ್ದ ಇನ್ನೊಂದು ಜೀವ ಅವರ ಮಗಳ ಮಗಳು. ತಾಯಿ ತೀರಿಹೋದ ಮೇಲೆ ಖಾಲಾನೇ ಸಾಕಿದ ಹುಡುಗಿ. ಹತ್ತನೇ ಕ್ಲಾಸು. ಓಟದಲ್ಲಿ ಮುಂದೆ, ಗಣಿತದಲ್ಲಿ ಹಿಂದೆ. ದಿನಾ ಬೆಳಿಗ್ಗೆ ಖಾಲಾ ಅವಳ ಕೈ ಹಿಡಿದು ಕರೆದೊಯ್ದು ಶಾಲೆಯ ಗೇಟಿನೊಳಗೆ ನೂಕಿಯೇ ಬರುತ್ತಿದ್ದರು. ಬಿಟ್ಟರೆ ಮಾವಿನಕಾಯಿ ಗಾಡಿಯ ಹತ್ತಿರ ನಿಂತುಬಿಡುತ್ತಾಳೆ ಅಂತ ಅನುಮಾನ.

ಪರೀಕ್ಷೆ ಹತ್ತಿರ ಬಂದಾಗ ಶಾಲೆಯಿಂದ ಕರೆ ಬಂತು. ನಾನೂ ಜೊತೆಗೆ ಹೋದೆ. ಹಾಜರಿ ಸಾಲದು, ಈ ವರ್ಷ ಪರೀಕ್ಷೆಗೆ ಕೂರಿಸಲು ಆಗುವುದಿಲ್ಲ, ಟಿ.ಸಿ. ತಗೊಂಡು ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ ಅಂದರು ಮುಖ್ಯೋಪಾಧ್ಯಾಯಿನಿ.

'ದಿನಾ ನಾನೇ ಬಿಟ್ಟು ಹೋಗಿದೀನಿ. ಆಮೇಲೆ ಎಲ್ಲಿಗೆ ಹೋದ್ಲು, ಗೋಡೆ ಒಳಗಾ?' ಅಂದರು ಖಾಲಾ.

'ರಿಜಿಸ್ಟರ್‌ನಲ್ಲಿ ಹಾಗಿದೆ.'

'ತೋರ್ಸಿ.'

'ಅದು ಆಫೀಸ್ ದಾಖಲೆ. ಬಂದೋರಿಗೆಲ್ಲ ತೋರ್ಸೋಕಾಗಲ್ಲ.'

ಖಾಲಾ ಬೆರಳೆತ್ತಿದರು. ಗುರಿ ಮುಖ್ಯೋಪಾಧ್ಯಾಯಿನಿ, ಬೆರಳು ನಿಂತದ್ದು ಪಕ್ಕದಲ್ಲಿದ್ದ ಶಾಲೆಯ ಗುಮಾಸ್ತರ ಮೇಲೆ. ಪಾಪ, ಅವರು 'ನಾನೇನ್ ಮಾಡ್ದೆ ಖಾಲಾ?' ಅಂದುಬಿಟ್ಟರು.

ಹೊರಗೆ ಗೇಟಿನ ಮೇಲೆ ಕಳೆದ ವರ್ಷದ ಬ್ಯಾನರು ಇನ್ನೂ ನೇತಾಡುತ್ತಿತ್ತು: ನೂರಕ್ಕೆ ನೂರು ಫಲಿತಾಂಶ. ಗಣಿತ ಬಾರದ ಹುಡುಗಿಯರನ್ನು ಮೊದಲೇ ಆಚೆ ಹಾಕಿದರೆ ನೂರಕ್ಕೆ ನೂರು ಬರದೆ ಇನ್ನೇನು? ನನಗೆ ಮೈಯೆಲ್ಲ ಉರಿದುಹೋಯಿತು. ಇದು ಸರ್ಕಾರದ ಅನುದಾನದಲ್ಲಿ ನಡೆಯುವ ಶಾಲೆ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಹಾಜರಿ ಪುಸ್ತಕ ತೋರಿಸಬೇಕಾಗುತ್ತೆ ಅಂತ ದಾರಿಯಲ್ಲೇ ಖಾಲಾಗೆ ಹೇಳಿದೆ.

ಆ ಅರ್ಜಿಗೊಂದು ನಿಯಮವಿದೆ: ಒಂದೇ ವಿಷಯ, ಅದೂ ನೂರೈವತ್ತು ಪದದೊಳಗೆ. ಎಲ್ಲಿಯ ಖಾಲಾ, ಎಲ್ಲಿಯ ನೂರೈವತ್ತು ಪದ. ಅವರು ದಿವಾನದ ಮೇಲೆ ಕೂತು ಹೇಳತೊಡಗಿದರು, ನಾನು ಬರೆಯತೊಡಗಿದೆ. ಮಗಳ ಸಾವು ಬಂತು, ಮುಖ್ಯೋಪಾಧ್ಯಾಯಿನಿಯ ಟಕಟಕ ಚಪ್ಪಲಿ ಬಂತು, ಮಾವಿನಕಾಯಿ ಗಾಡಿಯವನ ಸಾಕ್ಷಿ ಬಂತು, ಹಾಜರಿ ಪುಸ್ತಕ ಮಾತ್ರ ಬರಲಿಲ್ಲ. ನಾನು ಎಲ್ಲವನ್ನೂ ಹೊಡೆದುಹಾಕಿ, ಊರಲ್ಲಿ ಕಲಿತಿದ್ದ ಪ್ರಕಾರ ಹೊಸದಾಗಿ ಬರೆದು ಓದಿದೆ: 'ಮಾನ್ಯರೇ, ತಮ್ಮಲ್ಲಿ ವಿನಯಪೂರ್ವಕವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ...'

'ನಿಲ್ಲು. ಪ್ರಾರ್ಥನೆ ಅಂದ್ರೆ ದುವಾ ತಾನೇ?'

'ಹೂಂ ಖಾಲಾ. ಅರ್ಜಿ ಅಂದ್ರ ಹಂಗ ಬರೀಬೇಕು.'

'ನನ್ನ ಬೈಗುಳ ಎಲ್ಲಾ ಕಿತ್ತಾಕ್ದೆ, ಜಾಗ ಇಲ್ಲ ಅಂದೆ. ಇದಕ್ಕೆ ಜಾಗ ಎಲ್ಲಿಂದ ಬಂತು? ದುವಾ ಅಲ್ಲಾನ ಹತ್ರ ಮಾಡ್ತೀನಿ, ಐದು ಹೊತ್ತೂ ಮಾಡ್ತೀನಿ. ಇವರ ಹತ್ರ ಕೇಳ್ತೀನಿ. ಕೊಡಿ ಅಂತ ಬರಿ.'

ಬರೆದೆ. ಸುಳ್ಳು ಯಾಕೆ ಹೇಳಲಿ, ಕೊಡಿ ಅನ್ನುವ ಪದವನ್ನು ಎರಡು ಸಲ ಓದಿ ನೋಡಿಕೊಂಡೆ. ನನ್ನಪ್ಪ ರೇಷನ್ ಕಾರ್ಡಿಗೂ ಪ್ರಾರ್ಥಿಸಿಕೊಂಡವರು, ನಾನು ಹಾಸ್ಟೆಲ್ ಸೀಟಿಗೂ ಪ್ರಾರ್ಥಿಸಿಕೊಂಡವಳು. 'ನನ್ನ ಮೊಮ್ಮಗಳ ಈ ವರ್ಷದ ಹಾಜರಿಯ ಪ್ರತಿ ಕೊಡಿ. ಮೂಲ ಪುಸ್ತಕವನ್ನು ನನ್ನೆದುರು ತೆರೆದು ತೋರಿಸಿ.' ನೂರೈವತ್ತರಲ್ಲಿ ಬೇಕಾದಷ್ಟು ಪದ ಮಿಕ್ಕಿದವು. ಅವನ್ನು ಬಾಯಲ್ಲಿ ಹೇಳ್ತೀನಿ ಬಿಡು ಅಂದರು.

ಹೇಳಿದರು ಕೂಡ. ಅರ್ಜಿ ತಗೊಳ್ಳಲು ಶಾಲೆಯ ಗುಮಾಸ್ತರು ಮೀನಮೇಷ ಎಣಿಸಿದಾಗ ಖಾಲಾ ಬೆಂಚಿನ ಮೇಲೆ ಕೂತು ತಮ್ಮ ಮದುವೆಯ ಕಥೆ ಶುರುಮಾಡಿದರು. ಕಥೆಯಲ್ಲಿ ಬಿರಿಯಾನಿಯ ಡೇಗ್ಚಿ ಒಲೆಯಿಂದ ಇಳಿಯುವಷ್ಟರಲ್ಲಿ ಅರ್ಜಿಗೆ ಸೀಲು ಬಿದ್ದಿತ್ತು.

ಕೆಲವೇ ದಿನಕ್ಕೆ ಮುಖ್ಯೋಪಾಧ್ಯಾಯಿನಿಯೇ ಕರೆಸಿದರು. ಎಲ್ಲೋ ಲೆಕ್ಕ ತಪ್ಪಿತ್ತಂತೆ, ಹುಡುಗಿ ಪರೀಕ್ಷೆ ಬರೆಯಬಹುದಂತೆ. 'ಆ ಅರ್ಜಿ ಒಂದು ವಾಪಸ್ ತಗೊಂಡ್ಬಿಡಿ,' ಅಂದರು ಮೆತ್ತಗೆ. ನನಗೆ ಹೋದ ಜೀವ ಬಂದಂತಾಯಿತು. ನಡೀರಿ ಅಂತ ಖಾಲಾ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡರು.

'ಇವಳ ಜೊತೆ ಇನ್ನೂ ಕೆಲವು ಹುಡುಗೀರಿಗೆ ಟಿ.ಸಿ. ತಗೊಳ್ಳಿ ಅಂದ್ರಲ್ಲ, ಅವರ ಲೆಕ್ಕ ತಪ್ಪಿಲ್ವಾ?'

ಅದನ್ನು ಅವರವರ ಮನೆಯವರು ಕೇಳಬೇಕು ಅನ್ನುವ ಉತ್ತರ ಬಂತು. ಸರಿ, ಕೇಳಿದರು. ಆ ಭಾನುವಾರ ಖಾಲಾ ಮನೆಯ ಹಾಲಿನಲ್ಲಿ ಆ ಹುಡುಗಿಯರ ತಾಯಂದಿರು ಸಾಲಾಗಿ ಕೂತು ಟೀ ಕುಡಿದರು, ನಾನು ಒಂದೊಂದಾಗಿ ಅರ್ಜಿ ಬರೆದೆ. ಒಬ್ಬಾಕೆ 'ದಯವಿಟ್ಟು ಅಂತಾದ್ರೂ ಹಾಕಮ್ಮಾ' ಅಂದಾಗ ಸೊಟ್ಟ ಬೆರಳು ಮೇಲೆದ್ದಿತು. ಪಕ್ಕದಾಕೆ ಟೀ ಚೆಲ್ಲಿಕೊಂಡಳು.

ಎಲ್ಲರಿಗೂ ಹಾಲ್ ಟಿಕೆಟ್ ಬಂತು. ಹಾಜರಿ ಪುಸ್ತಕ ಮಾತ್ರ ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಮೇಲ್ಮನವಿ ಹಾಕಿದರೆ 'ಹುಡುಕಲಾಗುತ್ತಿದೆ' ಅಂತ ಬರೆದು ಕಳಿಸಿದರು. ಖಾಲಾಗೆ ಆ ಸಿಟ್ಟು ಕೊನೆಯವರೆಗೂ ಇತ್ತು.

ಹುಡುಗಿ ಪರೀಕ್ಷೆ ಬರೆದಳು, ಗಣಿತದಲ್ಲಿ ಫೇಲಾದಳು. ನಾನು ಸಪ್ಪೆ ಮುಖ ಹಾಕಿಕೊಂಡು ಕೆಳಗಿಳಿದರೆ ಖಾಲಾ ಗಲ್ಲಿಗೆಲ್ಲ ಜಿಲೇಬಿ ಹಂಚುತ್ತಿದ್ದರು. 'ಬರ್ದು ಫೇಲಾಗಿದಾಳಮ್ಮಾ. ಓಡಿಸಿದ್ರೂ ಓಡಿಹೋಗ್ಲಿಲ್ಲ. ತಿನ್ನು.' ಆ ವರ್ಷ ಶಾಲೆಯ ಗೇಟಿಗೆ ಬ್ಯಾನರು ಏರಲಿಲ್ಲ. ಹುಡುಗಿ ಎರಡನೇ ಸಲದ ಪರೀಕ್ಷೆಯಲ್ಲಿ ಪಾಸಾದಳು. ಅದಕ್ಕೆ ಜಿಲೇಬಿ ಇಲ್ಲ, ಬರೀ ಟೀ.

ಆಮೇಲೆ ನಾನು ಕಲ್ಯಾಣ ನಗರಕ್ಕೆ ಮನೆ ಬದಲಾಯಿಸಿದೆ. ಹೋದ ಮಳೆಗಾಲದ ಒಂದು ಬೆಳಿಗ್ಗೆ, ಖಾಲಾ ಹೋಗಿಬಿಟ್ಟರು ಅಂತ ಆಫೀಸಿಗೆ ಫೋನ್ ಬಂತು. ಮ್ಯಾನೇಜರ್ ಎದುರು ನಿಂತರೆ 'ಹಳೇ ಮನೆ ಓನರ್ ಸತ್ರೂ ರಜೆನಾ?' ಅಂದರು. 'ಕೇಳೋಕೆ ಬಂದಿಲ್ಲ ಸರ್, ಹೇಳಿ ಹೋಗೋಕೆ ಬಂದೆ' ಅಂದೆ. ಖಾಲಾ ಸಿಗದೇ ಹೋಗಿದ್ದರೆ ಈ ಮಾತು ನನ್ನ ಬಾಯಿಂದ ಈ ಜನ್ಮದಲ್ಲಿ ಬರುತ್ತಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಸುಮಾರು ಹೊತ್ತು ನಿಂತಿದ್ದೆ. ಯಾರೂ ಕಳ್ಳಿ ಅನ್ನಲಿಲ್ಲ.

ಮೊನ್ನೆ ಆ ಹುಡುಗಿ ಫೋನ್ ಮಾಡಿದ್ದಳು. ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದು ನಾನಿ ಅಂತ. ನಾನಿಯ ಮರಣ ಪ್ರಮಾಣಪತ್ರ ಕೇಳಿದರೆ ಕಚೇರಿಯಲ್ಲಿ ಇವತ್ತು ಬಾ, ನಾಳೆ ಬಾ ಅಂತ ಅಲೆಸುತ್ತಿದ್ದಾರಂತೆ. ಮಾಹಿತಿ ಹಕ್ಕಿನ ಅರ್ಜಿಯನ್ನು ತಾನೇ ಬರೆದಿದ್ದಳು, ಓದಿ ಹೇಳಿದಳು: 'ನನ್ನ ಅಜ್ಜಿಯ ಮರಣ ಪ್ರಮಾಣಪತ್ರದ ಕಡತ ಈಗ ಯಾರ ಮೇಜಿನ ಮೇಲಿದೆ, ಮಾಹಿತಿ ಕೊಡಿ.'

'ತುಂಬಾ ಒರಟಾಯ್ತಾ ಆಂಟಿ? ಪ್ರಾರ್ಥಿಸಿಕೊಳ್ಳುತ್ತೇನೆ ಅಂತ ಸೇರಿಸ್ಲಾ?'

'ಪ್ರಾರ್ಥನೆ ನಿನ್ನ ನಾನಿಗೋಸ್ಕರ ಮಾಡು,' ಅಂದೆ. 'ಆ ಕಚೇರಿಯವರ ಹತ್ರ ಕೇಳು.'