ಮೊದಲ ಮನೆಗೆ ಬಂದ ಅಂಕಿ

ಮೈಮೇಲೆ ದೇವರು ಬರುವುದನ್ನೇ ನಂಬದವಳು ನಾನು. ಕಂಪ್ಯೂಟರಿನೊಳಗೆ ಏನೋ ಇದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಮುನವಳ್ಳಿಯಲ್ಲಿ ನಾನೂ ಮೈದುನ ಮಹಾಂತೇಶನೂ ಕಂಪ್ಯೂಟರ್ ತರಗತಿ ನಡೆಸುತ್ತೇವೆ. ಇದು ಹೇಳಿದಷ್ಟು ಮಾಡುವ ಎತ್ತು, ಅಷ್ಟೇ ಎಂದು ಕಲಿಯಲು ಬಂದವರಿಗೆ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ.

ನನ್ನ ಅತ್ತೆಯ ತವರೂರು ಮಲಪ್ರಭೆಯ ಡ್ಯಾಮಿನ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮನೆಗಳ ಬುನಾದಿಗಳು ಕಾಣುತ್ತವೆ. ಯಾವುದು ಯಾರದೆಂದು ಗುರುತು ಹೇಳುವವರು ಅತ್ತೆ ಒಬ್ಬರೇ ಉಳಿದಿದ್ದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಮನೆಯನ್ನು ಡೇಟಾಬೇಸಿಗೆ ಸೇರಿಸಿದೆ. ಮನೆಗಳದೊಂದು ಪಟ್ಟಿ, ಮಂದಿಯದೊಂದು ಪಟ್ಟಿ, ಯಾರ ಮಗ್ಗುಲಿಗೆ ಯಾರು ಎಂಬ ಕೊಂಡಿ. ಪ್ರತಿ ಮನೆಗೂ ಒಂದರಿಂದ ಸರದಿಯ ಪ್ರಕಾರ ಡೇಟಾಬೇಸೇ ಅಂಕಿ ಕೊಡುತ್ತಿತ್ತು.

“ಬಾಗಲಾ ಯಾವ ಕಡೆ ಇತ್ತು ಅನ್ನೂದೂ ಬರಕೋ ಯವ್ವಾ. ಇಲ್ಲಾಂದ್ರ ಹೋದವರಿಗೆ ಗುರ್ತ ಹತ್ತೂದಿಲ್ಲ” ಎನ್ನುತ್ತಿದ್ದರು ಅತ್ತೆ. ಊರು ಮುಗಿದ ದಿನ ಕೊನೆಯ ಅಂಕಿಯನ್ನು ನಾನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೆ. ಶ್ರಾವಣದಲ್ಲಿ ಅತ್ತೆ ತೀರಿಕೊಂಡರು.

ಡೇಟಾಬೇಸನ್ನು ಮಹಾಂತೇಶ ಕಂಟೇನರಿನಲ್ಲಿ ಹೂಡಿದ್ದ. ಕಂಟೇನರ್ ಎಂದರೆ ಕಂಪ್ಯೂಟರಿನೊಳಗೆ ಕಟ್ಟಿಕೊಂಡ ಚಿಕ್ಕ ಕೋಣೆ ಎಂದುಕೊಳ್ಳಿ. ಸಾಮಾನಿಡಲು ಹೊರಗೆ ಬೇರೆ ಜಾಗ ತೋರಿಸದಿದ್ದರೆ, ಕೋಣೆ ಕೆಡವಿದಾಗ ಒಳಗಿನದೂ ಹೋಗುತ್ತದೆ. ಆಮೇಲೆ ತೋರಿಸಿದರಾಯಿತು ಎಂದಿದ್ದ. ಅಷ್ಟರಲ್ಲಿ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಬಂತು. ಕುಡಗೋಲು, ಕೊಡಲಿಗಳಂತೆ ಕಂಪ್ಯೂಟರಿಗೂ ಅಂದು ನಮ್ಮಲ್ಲಿ ಬಿಡುವು. ವಿಭೂತಿ ಹಚ್ಚಿ ಪೂಜೆ ಮಾಡುತ್ತೇವೆ. ಅದಕ್ಕೆಂದು ಅವನು ಎಲ್ಲ ಕಂಟೇನರುಗಳನ್ನೂ ನಿಲ್ಲಿಸಿದ. ಹಬ್ಬಕ್ಕೆ ಮನೆ ಗುಡಿಸಿದಂತೆ ಒಳಗೂ ಗುಡಿಸಿಬಿಡೋಣ ಎಂದು, ನಿಂತದ್ದನ್ನೆಲ್ಲ ಅಳಿಸುವ ಆಜ್ಞೆ ಕೊಟ್ಟ. ನಮ್ಮದೂ ನಿಂತೇ ಇತ್ತಲ್ಲ.

“ಅವ್ವನ ಊರು ನಾ ಮತ್ತೊಮ್ಮಿ ಮುಳುಗಿಸಿಬಿಟ್ನಿರಿ, ವೈನಿ” ಎಂದು ಬಾಗಿಲಲ್ಲೇ ಕುಸಿದು ಕೂತ.

ವಿಜಯದಶಮಿಯ ಮಧ್ಯಾಹ್ನ ಹೊಸ ಕಂಟೇನರ್ ಮಾಡಿದೆವು. ಪಟ್ಟಿಗಳನ್ನು ಹೊಸದಾಗಿ ಕಟ್ಟಿ, ಖಾಲಿ ಇವೆಯೆಂದು ಇಬ್ಬರೂ ನೋಡಿದೆವು. ನನಗೆ ಗಟ್ಟಿಯಾಗಿ ನೆನಪಿದ್ದದ್ದು ಅತ್ತೆ ಹುಟ್ಟಿದ ಮನೆ ಒಂದೇ. ಅದನ್ನು ಹಾಕಿದೆ. ಒಂದು ಎಂದು ಬರಬೇಕಿತ್ತು. ಬಂದದ್ದು ಅಳಿದುಹೋದ ಕೊನೆಯ ಮನೆಯ ಮುಂದಿನ ಅಂಕಿ.

“ಎಲ್ಲಾ ಒಳಗ ಅದಾವ್ರಿ ವೈನಿ!” ಎಂದು ಮಹಾಂತೇಶ ಹುಡುಕಿಯೇ ಹುಡುಕಿದ. ಇದ್ದದ್ದು ನಾನು ಆಗ ಹಾಕಿದ ಒಂದೇ ಮನೆ. ಇನ್ನೊಮ್ಮೆ ನೋಡೋಣವೆಂದು ಆ ಕಂಟೇನರನ್ನೂ ಅಳಿಸಿ ಮತ್ತೆ ಹೂಡಿದ. ಈ ಸಲ ಒಂದರಿಂದಲೇ ಶುರುವಾಯಿತು. ತಿಳಿದವರನ್ನು ಕೇಳಿದರೆ, ನೀವು ಹಳೆಯದನ್ನೇ ತೆರೆದಿರಬೇಕು ಎನ್ನುತ್ತಾರೆ. ಹಳೆಯದಾಗಿದ್ದರೆ ಮನೆಗಳೆಲ್ಲಿ? ಎಷ್ಟು ಮನೆ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು, ಯಾರ ಮನೆ ಎಂಬುದನ್ನು ಬಿಟ್ಟುಕೊಟ್ಟದ್ದು ಯಾವುದು? ನನಗೆ ಇವತ್ತಿಗೂ ಬಗೆಹರಿದಿಲ್ಲ.

ಹೋದ ಬೇಸಿಗೆಯಲ್ಲಿ ನೀರು ಇಳಿದಾಗ ಸವದತ್ತಿಯಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದರು. “ನಿಮ್ಮತ್ತಿ ಎಲ್ಲಾ ಬರಿಸ್ಯಾರಂತಲ್ಲರೀ. ನಮ್ಮಪ್ಪನ ಮನಿ ಯಾವ್ದು, ತೋರಸ್ರಿ” ಎಂದರು. ಜೊತೆಗೆ ಹೋದೆ. ಬಿರುಕು ಬಿಟ್ಟ ಕೆಸರಿನಲ್ಲಿ ಸಾಲುಸಾಲು ಬುನಾದಿ. ಇಷ್ಟು ಮನೆಗಳಿದ್ದವು ಎಂದು ಅಂಕಿ ಹೇಳಿದೆ. ಅತ್ತೆ ಹುಟ್ಟಿದ ಮನೆಯೊಂದನ್ನು ಬಿಟ್ಟರೆ ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಅವರು ಬುನಾದಿಗಳ ನಡುವೆ ಒಂದು ಸುತ್ತು ನಡೆದು ಬಂದರು. ಆಮೇಲೆ, “ಯಾವ್ದರ ಒಂದು ಇರಲಿ ಬಿಡ್ರಿ” ಎಂದು ಹತ್ತಿರದ ಕಲ್ಲಿಗೆ ಕುಂಕುಮ ಹಚ್ಚಿ ಕೈಮುಗಿದರು.