ಇಯರ್‌ಫೋನ್ ಪಳಗಿಸಿದ ಪಿಳ್ಳಪ್ಪ

ನಮ್ಮ ಮನೆ ಮಾಲೀಕರಾದ ಪಿಳ್ಳಪ್ಪನವರ ಬಗ್ಗೆ ಇಂಟರ್ನೆಟ್ಟಿನಲ್ಲಿ ಬಂದಿರುವುದರಲ್ಲಿ ಮುಕ್ಕಾಲು ಪಾಲು ಸುಳ್ಳು. ಅವರು ಯೋಗಿಯಲ್ಲ. ಅವರ ತಾತ ಅರಮನೆಗೆ ವೀಣೆ ಮಾಡಿಕೊಡುತ್ತಿರಲಿಲ್ಲ. ಜಪಾನಿನವರು ಯಾರೂ ಅವರನ್ನು ಕರೆದಿಲ್ಲ. ಅವರು ಕೊಡಿಗೇಹಳ್ಳಿಯ ರೈತರು. ಹೊಲದಲ್ಲಿ ಅರ್ಧ ಏರ್‌ಪೋರ್ಟ್ ರಸ್ತೆಗೆ ಹೋಯಿತು, ಉಳಿದರ್ಧದಲ್ಲಿ ಬಾಡಿಗೆ ಕಟ್ಟಡ ಎದ್ದಿತು. ಅಂದಿನಿಂದ ಅವರು ಆ ಕಟ್ಟಡದ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಉಳಿದದ್ದನ್ನು ನಾನು ಹೇಳುತ್ತೇನೆ. ಹೇಳುವ ಹಕ್ಕು ನನಗಿದೆ, ಆ ಇಯರ್‌ಫೋನ್‌ಗಳನ್ನೆಲ್ಲ ಡಬ್ಬಿಗೆ ತುಂಬಿದವಳು ನಾನೇ.

ನನ್ನ ಹೆಸರು ಭಾಗ್ಯಶ್ರೀ. ವಿಜಾಪುರ ಜಿಲ್ಲೆಯ ಇಂಡಿ ಕಡೆಯವಳು, ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಪಿಳ್ಳಪ್ಪನವರ ಕಟ್ಟಡದ ಎರಡನೇ ಮಹಡಿಯಲ್ಲಿ ನಾನೂ ನನ್ನ ತಮ್ಮ ಶಿವಪುತ್ರನೂ ಇದ್ದೇವೆ. ಶಿವಪುತ್ರ ಯಶವಂತಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದ. ಒಂದು ದಿನ ಕೆಲಸ ಬಿಟ್ಟು ಬಂದು, ತಾನೇ ಇಯರ್‌ಫೋನ್ ಮಾಡಿ ಮಾರುತ್ತೇನೆ ಎಂದ. ಕಂಪನಿಯ ಹೆಸರು 'ಗುಮ್ಮಟ'. ವಿಜಾಪುರದ ಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ಹೊಡೆದರೆ ಏಳು ಸಲ ಕೇಳುತ್ತದಲ್ಲ, ಅದಕ್ಕೆ.

"ಇಯರ್‌ಫೋನ್‌ನ್ಯಾಗ ಒಂದ ಸಲ ಕೇಳಿದ್ರ ಸಾಕಲ್ಲೋ," ಎಂದೆ. ಅವನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇಯರ್‌ಫೋನ್ ಮಾಡುವುದು ಅಂಥ ಕಷ್ಟವಲ್ಲ, ಮಾರುವುದು ಕಷ್ಟ. ಅದನ್ನು ಕೊಳ್ಳುವವರು ನಮ್ಮ ನಿಮ್ಮಂಥವರಲ್ಲ. ಅವರು ಹಾಡು ಕೇಳುವುದಿಲ್ಲ, ಇಯರ್‌ಫೋನ್ ಕೇಳುತ್ತಾರೆ. ಆಡಿಯೊಫೈಲ್ ಎಂದು ತಮ್ಮನ್ನು ತಾವೇ ಕರೆದುಕೊಳ್ಳುತ್ತಾರೆ. ನಾನು ಕಿವಿಯವರು ಅನ್ನುತ್ತೇನೆ. "ತಗ್ಗಿನ ಸ್ವರ ಸ್ವಲ್ಪ ಒದ್ದೆಯಾಗಿದೆ", "ನಡುವೆ ಬೆಣ್ಣೆ ಇದೆ, ಉಪ್ಪಿಲ್ಲ" ಎಂದೆಲ್ಲ ಆನ್‌ಲೈನ್ ಗುಂಪುಗಳಲ್ಲಿ ಬರೆಯುತ್ತಾರೆ. ಟೀವಿಯಲ್ಲಿ ಜಾಹೀರಾತು ಕೊಡುವ ತಾಕತ್ತು ಸಣ್ಣ ಕಂಪನಿಗಳಿಗೆ ಎಲ್ಲಿಂದ ಬರಬೇಕು? ಅದಕ್ಕೇ ಕಂಪನಿಯವರು ಒಂದು ಜೊತೆಯನ್ನು ಕೊರಿಯರ್‌ನಲ್ಲಿ ಊರೂರು ತಿರುಗಿಸುತ್ತಾರೆ. ಒಬ್ಬ ಕಿವಿಯವನು ವಾರ ಇಟ್ಟುಕೊಂಡು ಕೇಳಿ, ಹೊಗಳಿಯೋ ತೆಗಳಿಯೋ ಬರೆದು, ಮುಂದಿನವನಿಗೆ ಕಳಿಸಬೇಕು.

ನಮ್ಮ ಗುಮ್ಮಟವೂ ಹೀಗೆ ತಿರುಗಿತು. ಹೋದಲ್ಲೆಲ್ಲ ಒಂದೇ ಮಾತು: ಚೆನ್ನಾಗಿದೆ, ಆದರೆ ಕಥೆ ಇಲ್ಲ. ಬೇರೆ ಒಂದು ಕಂಪನಿಯವರು ಮುಳುಗಿದ ಹಡಗಿನ ಮರದಿಂದ ಮಾಡುತ್ತಿದ್ದರಂತೆ. ಇನ್ನೊಬ್ಬರು ಹುಣ್ಣಿಮೆಯ ದಿನ ಮಾತ್ರ ತಂತಿ ಹೆಣೆಯುತ್ತಿದ್ದರಂತೆ. ನಮ್ಮದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಒಗ್ಗರಣೆಯ ಘಾಟಿನಲ್ಲಿ ಹುಟ್ಟಿದ್ದು. ಅದಕ್ಕೆ ಏನಂತ ಕಥೆ ಕಟ್ಟುವುದು?

ಆ ಹೊತ್ತಿಗೆ ಪಿಳ್ಳಪ್ಪನವರು ನೀರಿನ ಟ್ಯಾಂಕ್ ನೋಡಲು ಮೇಲೆ ಬಂದರು. ನಮ್ಮ ಕೋಣೆಯ ಹಗ್ಗದ ಮೇಲೆ ಇಯರ್‌ಫೋನ್‌ಗಳು ಸಾಲಾಗಿ ನೇತಾಡುತ್ತ, ಯಾರ ಕಿವಿಯಲ್ಲೂ ಇಲ್ಲದೆ ತಮ್ಮಷ್ಟಕ್ಕೆ ಹಾಡುತ್ತಿದ್ದವು.

"ಏನ್ಲಾ ಶಿವ್‌ಪುತ್ರ, ಮೆಣಸಿನ್ಕಾಯ್ ಒಣಗಾಕಿದ್ದೀಯಾ?" ಎಂದರು.

ಹೊಸ ಇಯರ್‌ಫೋನ್ ಬಿಗಿಯಾಗಿರುತ್ತದೆ, ಕಿವಿಗೆ ಹಾಕುವ ಮುಂಚೆ ದಿನಗಟ್ಟಲೆ ಸುಮ್ಮನೆ ಹಾಡಿಸಿ ಸಡಿಲ ಮಾಡಬೇಕು ಎಂದು ಕಿವಿಯವರ ನಂಬಿಕೆ. ಅದಕ್ಕೆ ಬರ್ನ್-ಇನ್ ಅನ್ನುತ್ತಾರೆ. ಅದರಿಂದ ನಿಜವಾಗಿ ಏನಾದರೂ ಆಗುತ್ತದೆಯೋ ಇಲ್ಲವೋ ಶಿವಪುತ್ರನಿಗೇ ಗೊತ್ತಿರಲಿಲ್ಲ. ಇದನ್ನೆಲ್ಲ ಅವನು ಪಿಳ್ಳಪ್ಪನವರ ಕಿವಿಯ ಹತ್ತಿರ ಹೋಗಿ, ಕೈಸನ್ನೆ ಮಾಡಿ, ಗಂಟಲು ಹರಿಯುವಂತೆ ಕೂಗಿ ಹೇಳಿದ. ಪಿಳ್ಳಪ್ಪನವರಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

"ಓರಿ ಪಳಗ್ಸೋದು ಅನ್ನು. ಅದುನ್ನ ಇಂಗ್ ನೇತಾಕಿದ್ರೆ ಆಯ್ತದಾ? ಮೊದ್ಲು ಬರೀ ನೊಗ ಒರುಸ್ಬೇಕು. ಆಮೇಕೆ ಕೊರಡು ಎಳುಸ್ಬೇಕು. ಆಮೇಕೆ ನೇಗ್ಲು. ಮೊದ್ಲನೇ ದಿನ್ವೇ ಗಾಡಿ ಕಟ್ಟಿದ್ರೆ ಸೊಂಟ ಮುರ್ಕಂತವೆ," ಎಂದು ಪಂಚೆ ಎತ್ತಿಕಟ್ಟಿ ನೆಲದ ಮೇಲೆ ಕೂತೇಬಿಟ್ಟರು.

ಪಿಳ್ಳಪ್ಪನವರು ಒಂದು ಕಾಲದಲ್ಲಿ ಹೋರಿ ಪಳಗಿಸುವುದರಲ್ಲಿ ಹೆಸರುವಾಸಿ. ದೇವನಹಳ್ಳಿ, ದೊಡ್ಡಬಳ್ಳಾಪುರದಿಂದೆಲ್ಲ ಜನ ತಂಟೆಕೋರ ಹೋರಿಗಳನ್ನು ಹಿಡಿದುಕೊಂಡು ಬರುತ್ತಿದ್ದರಂತೆ. ಹೊಲ ಹೋದ ಮೇಲೆ ಎತ್ತುಗಳೂ ಹೋದವು. ಆಮೇಲೆ ಮೆಲ್ಲಗೆ ಕಿವಿಯೂ ಹೋಯಿತು. ಹೌದು, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಗ ಮೆಷಿನ್ ಕೊಡಿಸಲು ಹೋದಾಗ, "ಕಿವೀಗ್ ಮಿಸಿನ್ ಆಕಂಡ್ರೆ ಕಿವುಡ್ ಪಿಳ್ಳ ಅಂತಾರೆ," ಎಂದು ಎದ್ದು ಬಂದಿದ್ದರು. ಯಾರಾದರೂ ಪ್ರಶ್ನೆ ಕೇಳಿಬಿಟ್ಟಾರೆಂದು ಎದುರು ಸಿಕ್ಕವರ ಜೊತೆ ತಾವೇ ಬಿಡುವಿಲ್ಲದೆ ಮಾತಾಡುತ್ತಿದ್ದರು. ಬೀದಿಗೆ ವಿಷಯ ಗೊತ್ತಿತ್ತು, ಆದರೆ ಅವರೆದುರು ಯಾರೂ ಆಡುತ್ತಿರಲಿಲ್ಲ. ಅವರ ಹೆಂಡತಿ ಲಕ್ಕಮ್ಮನವರ ಗಂಟಲು ಮಾತ್ರ ಕೂಗಿ ಕೂಗಿ ಒಡೆದುಹೋಗಿತ್ತು. ಮಧ್ಯಾಹ್ನ ಅವರು ಗಂಡನನ್ನು ಊಟಕ್ಕೆ ಕರೆದರೆ ನಮ್ಮ ಬೀದಿಯ ಅರ್ಧ ಜನ ಊಟಕ್ಕೆ ಏಳುತ್ತಿದ್ದರು.

ಮಾರನೇ ದಿನದಿಂದ ಪಿಳ್ಳಪ್ಪನವರು ಕೆಲಸಕ್ಕೆ ನಿಂತರು. ಮೊದಲ ದಿನ ಇಯರ್‌ಫೋನ್‌ಗೆ ತಂತಿ ಮಾತ್ರ, ಶಬ್ದವಿಲ್ಲ. ಅದು ನೊಗ. ಆಮೇಲೆ ತಂಬೂರಿ. ಆಮೇಲೆ ಭಜನೆ. ಅವೆಲ್ಲ ಹದಕ್ಕೆ ಬಂದವು ಅನ್ನಿಸಿದಾಗ ತಮಟೆ. ಹದಕ್ಕೆ ಬಂತೋ ಇಲ್ಲವೋ ಎಂದು ನೋಡಲು ಅದನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಬೆನ್ನು ಸವರುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ, ಇನ್ನು ಇವಕ್ಕೆ ರಸ್ತೆ ತೋರಿಸಬೇಕು ಎಂದರು.

"ಲಾರಿ ನೋಡ್ದೇ ಇರೋ ಓರಿ ಸಂತೇಲಿ ಬೆದುರ್ತದೆ."

"ಅಜ್ಜಾರ, ಇವಕ್ಕ ಕಣ್ಣ ಇಲ್ರೀ," ಎಂದ ಶಿವಪುತ್ರ. ಪಿಳ್ಳಪ್ಪನವರಿಗೆ ಅದು ಕೇಳಿಸಲಿಲ್ಲ.

ಶಿವಪುತ್ರ ಸ್ಕೂಟರ್ ಓಡಿಸಿದ. ಹಿಂದೆ ಪಿಳ್ಳಪ್ಪನವರು ಬಿದಿರು ಗಳುವಿಗೆ ಇಯರ್‌ಫೋನ್‌ಗಳನ್ನು ನೇತುಹಾಕಿಕೊಂಡು ಕೂತರು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಇಳಿದು, ತುಮಕೂರು ಕಡೆಯ ಲಾರಿಗಳ ಎದುರು ಆ ಗಳುವನ್ನು ಹಿಡಿದು ನಿಂತರು. ಟ್ರಾಫಿಕ್ ಪೊಲೀಸ್ ಬಂದು, "ಏನ್ ಯಜಮಾನ್ರೇ ಇದು?" ಎಂದು ಕೇಳಿದ. ಅವನ ಕೈಸನ್ನೆ ನೋಡಿಯೇ ಅರ್ಥ ಮಾಡಿಕೊಂಡು, "ಲಾರಿ ತೋರುಸ್ತಾ ಇವ್ನಿ ಸಾಮಿ," ಎಂದರು. ಪೊಲೀಸಪ್ಪ ಗಳುವನ್ನೊಮ್ಮೆ, ಲಾರಿಗಳನ್ನೊಮ್ಮೆ ನೋಡಿ, ಫುಟ್‌ಪಾತಿನ ಮೇಲೆ ನಿಂತು ತೋರಿಸಿ ಎಂದು ಸನ್ನೆ ಮಾಡಿ ಹೋದ.

ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದ್ದ ಯಾರೋ ಫೋಟೋ ತೆಗೆದು ಹಾಕಿದರು. ಕಿವಿಯವರ ಗುಂಪಿಗೆ ಅದು ಸಂಜೆಯೊಳಗೆ ಮುಟ್ಟಿತು. ಕಥೆ ಸಿಕ್ಕಿತು. ಶಿವಪುತ್ರ ಡಬ್ಬಿಯ ಮೇಲೆ 'ಪಿಳ್ಳಪ್ಪನವರು ಪಳಗಿಸಿದ್ದು' ಎಂದು ಅಚ್ಚು ಹಾಕಿಸಿದ. ಬರುವ ಆರ್ಡರಿಗೆ ಡಬ್ಬಿ ಸಾಲದಾಯಿತು. ಗೊರಗುಂಟೆಪಾಳ್ಯದಲ್ಲಿ ಪಳಗಿದವುಗಳಲ್ಲಿ ಒಂದು ವಾದ್ಯಕ್ಕೂ ಇನ್ನೊಂದಕ್ಕೂ ನಡುವೆ ಧಾರಾಳ ಜಾಗ ಇದೆ ಎಂದು ಪುಣೆಯ ಒಬ್ಬ ಬರೆದ. ಗೊರಗುಂಟೆಪಾಳ್ಯದಲ್ಲಿ ಎರಡು ಬಸ್ಸಿನ ನಡುವೆ ಬೆರಳು ತೂರುವಷ್ಟು ಜಾಗ ಇರುವುದಿಲ್ಲ. ಇನ್ನೊಬ್ಬ ತನಗೆ ಹೆಬ್ಬಾಳದ ಟ್ರಾಫಿಕ್ ಜಾಮಿನಲ್ಲಿ ಪಳಗಿಸಿದ್ದೇ ಬೇಕೆಂದು ಹಟ ಹಿಡಿದು ತರಿಸಿಕೊಂಡು, ಯಾಕೋ ಸ್ವಲ್ಪ ನಿಧಾನ ಎಂದು ದೂರು ಕೊಟ್ಟ.

ಭಾನುವಾರ ಕಿವಿಯವರು ಮನೆಗೇ ಬರತೊಡಗಿದರು. ಇಯರ್‌ಫೋನ್‌ನ ಮೈಮೇಲೆ ಬಣ್ಣದ ಸುಳಿಗಳಿರುತ್ತವೆ. ಪಿಳ್ಳಪ್ಪನವರು ಹೋರಿಯ ಸುಳಿ ನೋಡಿದ ಹಾಗೆಯೇ ಅವನ್ನು ನೋಡಿ, "ಇದು ಮನೆಗಾಗಕಿಲ್ಲ, ಯಜಮಾನಂಗೆ ಕೇಡು," ಎಂದು ಕೆಲವನ್ನು ಪಕ್ಕಕ್ಕಿಡುತ್ತಿದ್ದರು. ಆ ಕೇಡಿನ ಸುಳಿಯವೇ ಬೇಕೆಂದು ಕಿವಿಯವರು ಜಗಳವಾಡುತ್ತಿದ್ದರು. ವ್ಯಾಪಾರ ದನದ ಜಾತ್ರೆಯ ಪದ್ಧತಿಯಲ್ಲೇ: ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ರೇಟು ತಿಳಿಸಿ, ಮಾತಿಲ್ಲದೆ. ಇಂಜಿನಿಯರುಗಳು ಟವೆಲ್ಲಿನೊಳಗೆ ಕೈ ತೂರಿಸಿ ಕಣ್ಣು ಮುಚ್ಚಿ ಕೂತಿರುವುದನ್ನು ನಾನು ಕಂಡಿದ್ದೇನೆ.

ನಗು ಬರುತ್ತಿತ್ತು, ನಿಜ. ಆದರೆ ನನಗೆ ಖುಷಿಯೂ ಆಗುತ್ತಿತ್ತು. ನಮ್ಮ ಕೋಣೆಯಲ್ಲಿ ಎಲ್ಲರ ಕಿವಿಗೂ ಇಯರ್‌ಫೋನಿನ ಬೂಚು ಬಿದ್ದಿರುತ್ತಿತ್ತು, ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಪಿಳ್ಳಪ್ಪನವರು ಎಲ್ಲರಂತೆ ಒಬ್ಬರಾಗಿದ್ದರು. ಗೇಟಿನ ಬಳಿಯ ಕುರ್ಚಿಯನ್ನು ಅವರು ಮರೆತೇಬಿಟ್ಟಿದ್ದರು. ಇದು ಎಷ್ಟು ದಿನ ನಡೆದೀತು ಎಂಬುದೊಂದೇ ನನ್ನ ಹೆದರಿಕೆ. ಪಳಗಿಸುವವನಿಗೆ ಕಿವಿಯೇ ಕೇಳಿಸುವುದಿಲ್ಲ ಎಂಬುದು ಹೊರಬಿದ್ದರೆ ಶಿವಪುತ್ರನ ಗುಮ್ಮಟ ಬೀಳುತ್ತದೆ. ಅದಕ್ಕಿಂತ ಮೊದಲು ಪಿಳ್ಳಪ್ಪನವರ ತಲೆ ತಗ್ಗುತ್ತದೆ.

ಅಷ್ಟರಲ್ಲಿ ಆರ್.ಟಿ. ನಗರದ ಜಮೀರ್ ಬರುತ್ತೇನೆಂದು ಹೇಳಿ ಕಳಿಸಿದ. ಜಮೀರ್ ಇಯರ್‌ಫೋನ್ ಕೇಳಿ ವಿಡಿಯೋ ಮಾಡುವವನು. ಅವನು ಸರಿಯಿಲ್ಲ ಎಂದ ಮಾಲು ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬಾಚಣಿಗೆಯ ಪಕ್ಕ ಮಾರಾಟವಾಗುತ್ತದೆ. ಮರ್ಯಾದಸ್ಥ ಹುಡುಗ, ಚಪ್ಪಲಿ ಹೊರಗೆ ಬಿಟ್ಟು ಬಂದ. ಕ್ಯಾಮೆರಾ ನಿಲ್ಲಿಸಿ ಪಿಳ್ಳಪ್ಪನವರ ಎದುರು ಕೂತ.

"ತಾತ, ಇಲ್ಲಿ ಎರಡು ಜೊತೆ ಇದೆ. ಒಂದು ನೀವು ಪಳಗ್ಸಿರೋದು, ಇನ್ನೊಂದು ಹಸಿ. ಕೇಳ್ಬಿಟ್ಟು ಯಾವುದು ಅಂತ ಹೇಳ್ತೀರಾ?"

ಪಿಳ್ಳಪ್ಪನವರು ಅವನ ತುಟಿಯಾಡಿದ್ದನ್ನು ನೋಡಿ, "ಎಲ್ಲಾ ದ್ಯಾವ್ರು ನೋಡ್ಕಂತಾನೆ ಕಣಪ್ಪ. ಊಟ ಮಾಡ್ಕಂಡೇ ಓಗ್ಬೇಕು," ಎಂದು ಹಳೆಯ ಹಳ್ಳಿಕಾರ್ ಎತ್ತಿನ ಜೋಡಿಯೊಂದರ ಕಥೆ ಶುರುಮಾಡಿದರು. ಜಮೀರ್ ಅದನ್ನು ಪೂರ್ತಿ ಕೇಳಿ, ಮತ್ತೆ ಅದೇ ಪ್ರಶ್ನೆ ಕೇಳಿದ. ಪಿಳ್ಳಪ್ಪನವರು ಇನ್ನೊಂದು ಜೋಡಿಯ ಕಥೆ ಶುರುಮಾಡಿದರು.

"ಸರ್, ಅಜ್ಜಾರಿಗೆ ಇವತ್ತ ನೆಗಡಿ ಆಗೇತ್ರೀ," ಎಂದ ಶಿವಪುತ್ರ.

"ಗುರು, ಜನ ನನ್ನ ಮಾತು ನಂಬ್ಕೊಂಡು ತಗೋತಾರೆ. ಇವರು ಕೇಳೋದೇ ಇಲ್ಲ ಅಂದ್ರೆ, ಡಬ್ಬಿ ಮೇಲೆ ಬರೆದಿರೋದು ಸುಳ್ಳು ಅಂತ ಹೇಳ್ಬೇಕಾಗುತ್ತೆ," ಎಂದ ಜಮೀರ್ ಮೆಲ್ಲಗೆ. ನನ್ನ ತಮ್ಮನ ಮುಖ ಸುಣ್ಣದಂತಾಯಿತು.

ಪಿಳ್ಳಪ್ಪನವರಿಗೆ ಮಾತು ಕೇಳಿಸದಿದ್ದರೂ ಆ ಮುಖ ಕಾಣಿಸಿತು. ಮಜ್ಜಿಗೆ ತಂದಿದ್ದ ಲಕ್ಕಮ್ಮನವರ ಕಡೆ ತಿರುಗಿ, "ಏನಂತೆ?" ಎಂದರು. ಬೇಡ ಎಂದು ನಾನು ಕಣ್ಣಲ್ಲೇ ಹೇಳಿದೆ. ಲಕ್ಕಮ್ಮನವರು ಗಂಡನಿಗೆ ಸುಳ್ಳು ಹೇಳಿದವರಲ್ಲ. ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು. "ಆಂ?" ಎಂದರು ಪಿಳ್ಳಪ್ಪ. ಸ್ವಲ್ಪ ಜೋರಾಗಿ ಹೇಳಿದರು. "ಆಂ?" ಲಕ್ಕಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನಾ ಊಟಕ್ಕೆ ಕರೆಯುವ ಗಂಟಲಿನಲ್ಲಿ ಕೂಗಿದರು.

"ನಿಮ್ಗೆ ಕಿವಿ ಕೇಳುಸ್ತದಾ ಅಂತ ಕೇಳ್ತಾವ್ರೆ."

ಎದುರು ಕಟ್ಟಡದ ಬಾಲ್ಕನಿಗಳಿಗೆ ಜನ ಬಂದರು. ಕ್ಯಾಮೆರಾ ಓಡುತ್ತಲೇ ಇತ್ತು. ಪಿಳ್ಳಪ್ಪನವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಗಲ ಟವೆಲ್ ತೆಗೆದು, ಮಡಿಸಿ, ತೊಡೆಯ ಮೇಲಿಟ್ಟುಕೊಂಡರು.

"ಇಲ್ಲ," ಎಂದರು. "ಎತ್ಗೋಳ್ನ ಕೊಟ್ಮ್ಯಾಗೆ ಕೇಳ್ಸಕಿಲ್ಲ. ಅದ್ಕೇನೀಗ? ಓರಿ ಪಳಗ್ಸೋನು ಓರಿ ಏನಂತದೆ ಅಂತ ಕೇಳ್ತಾ ಕುಂತ್ಕಂತಾನಾ? ಅದು ಬ್ಯಾಡ ಅಂತಾನೇ ಅನ್ನೋದು."

ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದರು.

ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಕಿವಿಯವರ ಬುದ್ಧಿಯ ಅಂದಾಜು ನನಗೆ ಇನ್ನೂ ಸಿಕ್ಕಿರಲಿಲ್ಲ. ಅವರಿಗೆ ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ಅನುಮಾನ ತಮ್ಮ ಸ್ವಂತ ಕಿವಿಯ ಮೇಲೆ. ದುಬಾರಿಯದ್ದನ್ನು ಕಂಡರೆ ಕಿವಿ ಪಕ್ಷಪಾತ ಮಾಡುತ್ತದೆ, ಹೊಳೆಯುವುದನ್ನು ಕಂಡರೆ ಮರುಳಾಗುತ್ತದೆ. ಜಮೀರ್ ಕ್ಯಾಮೆರಾದ ಕಡೆ ತಿರುಗಿ, ಪಕ್ಷಪಾತವೇ ಇಲ್ಲದೆ ಪಳಗಿಸುವವರು ದೇಶದಲ್ಲಿ ಇವರೊಬ್ಬರೇ ಎಂದ. ಅವನ ಕಣ್ಣಲ್ಲಿ ನೀರಿತ್ತು. ಆ ವಾರ ಬಂದ ಆರ್ಡರಿಗೆ ಡಬ್ಬಿ ಕಟ್ಟಿ ಕಟ್ಟಿ ನನ್ನ ಕೈ ಬಾತುಕೊಂಡಿತು.

ಪಿಳ್ಳಪ್ಪನವರು ಮಾತ್ರ ಮೇಲೆ ಬರಲಿಲ್ಲ. ಮತ್ತೆ ಗೇಟಿನ ಬಳಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. ಊರೆಲ್ಲ ಹೊಗಳುತ್ತಿತ್ತು, ಅವರಿಗೆ ಅದು ಕೇಳಿಸುತ್ತಿರಲಿಲ್ಲ. ಟೀ ಅಂಗಡಿಯವರು ತಮ್ಮ ಕಡೆ ಬೆರಳು ತೋರಿಸುವುದು ಮಾತ್ರ ಕಾಣಿಸುತ್ತಿತ್ತು. ನನಗೆ ಬಹಳ ಸಂಕಟವಾಯಿತು.

ಶಿವಪುತ್ರ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಮೈಕು ಕೂರಿಸಿ, ಅದಕ್ಕೆ ಗುಮ್ಮಟದ ಇಯರ್‌ಫೋನ್ ಸೇರಿಸಿದ. ಪೆಟ್ಟಿಗೆ ಜೇಬಿನಲ್ಲಿರುತ್ತದೆ, ಎದುರಿನವರ ಮಾತು ಕಿವಿಗೆ ಬರುತ್ತದೆ. ನೋಡಿದವರಿಗೆ ಹಾಡು ಕೇಳುತ್ತಿದ್ದಾರೆ ಅನ್ನಿಸಬೇಕು, ಅಷ್ಟೆ. ಪಿಳ್ಳಪ್ಪನವರು ಅದನ್ನು ಹೊರಳಿಸಿ, ಸುಳಿ ನೋಡಿ, "ಇದು ಅಸಿ. ಪಳಗುಸ್ದೆ ಕಿವೀಗ್ ಆಕಬಾರ್ದು," ಎಂದರು. ಹಾಗಾದರೆ ನೀವೇ ಪಳಗಿಸಿ ಎಂದು ಸನ್ನೆ ಮಾಡಿದೆವು. ತಲೆಯಾಡಿಸಿದರು. "ಯಾರ್ ಮಾತು ಕೇಳ್ಬೇಕೋ ಅವ್ರೇ ಪಳಗುಸ್ಬೇಕು." ಪೆಟ್ಟಿಗೆಯನ್ನು ಲಕ್ಕಮ್ಮನವರ ಕೈಗೆ ಕೊಟ್ಟರು.

ಲಕ್ಕಮ್ಮನವರು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೊದಲ ದಿನ ಪದ್ಧತಿಯಂತೆ ಮಾತಿಲ್ಲ. ಆಮೇಲೆ ಮಾತು ಶುರುವಾಯಿತು. ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು, ಸೊಸೆ ಏನಂದಳು. ಬಟ್ಟೆ ಒಣಗಿಸಲು ಹೋದ ನನಗೆ ಇನ್ನೂ ಒಂದಿಷ್ಟು ಕಿವಿಗೆ ಬಿತ್ತು: ಎತ್ತುಗಳನ್ನು ಕೊಟ್ಟ ದಿನ ತಾನೂ ಅತ್ತದ್ದು, ಅವರು ಒಬ್ಬರೇ ಗೇಟಿನಲ್ಲಿ ಕೂತಿರುವಾಗ ತನಗೆ ಎಷ್ಟು ಬೇಸರವಾಗುತ್ತದೆ ಎನ್ನುವುದು. ಇಂಥವನ್ನೆಲ್ಲ ಬೀದಿಗೆ ಕೇಳುವಂತೆ ಕೂಗಿ ಹೇಳಲಾಗುವುದಿಲ್ಲ. ನಾನು ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಬಂದೆ. ಕೊನೆಯ ದಿನ ಶಿವಪುತ್ರ ಲಕ್ಕಮ್ಮನವರನ್ನು ಸ್ಕೂಟರಿನಲ್ಲಿ ಗೊರಗುಂಟೆಪಾಳ್ಯಕ್ಕೆ ಕರೆದುಕೊಂಡು ಹೋದ. ಅವರು ರೇಷ್ಮೆ ಸೀರೆ ಉಟ್ಟು, ಪೆಟ್ಟಿಗೆಗೆ ಲಾರಿಗಳನ್ನು ತೋರಿಸಿಕೊಂಡು ಬಂದರು.

ಮಾರನೇ ದಿನ ಪಿಳ್ಳಪ್ಪನವರು ಅದನ್ನು ಕಿವಿಗೆ ಹಾಕಿಕೊಂಡು ಗೇಟಿನ ಬಳಿ ಕೂತರು. ಮಧ್ಯಾಹ್ನವಾಯಿತು. ಲಕ್ಕಮ್ಮನವರು ಬಾಗಿಲಿಗೆ ಬಂದು, ಅಭ್ಯಾಸದಂತೆ ಎದೆ ತುಂಬ ಉಸಿರು ಎಳೆದುಕೊಂಡರು. ಆಮೇಲೆ ಏನೋ ನೆನಪಾಗಿ ಅದನ್ನು ಬಿಟ್ಟು, ಪೆಟ್ಟಿಗೆಯ ಜೊತೆ ಆಡುತ್ತಿದ್ದ ಧ್ವನಿಯಲ್ಲಿ, "ಊಟಕ್ಕೆ ಏಳಿ," ಎಂದರು. ಮಹಡಿಯಲ್ಲಿದ್ದ ನನಗೆ ತುಟಿಯಾಡಿದ್ದಷ್ಟೇ ಕಂಡಿತು.

ಪಿಳ್ಳಪ್ಪನವರು ತಟ್ಟನೆ ತಿರುಗಿದರು.

"ಯಾಕ್ ಇಂಗ್ ಕೂಗ್ತೀಯೇ? ಕೇಳುಸ್ತದೆ," ಎಂದರು.

ಲಕ್ಕಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅವತ್ತು ನಮ್ಮ ಬೀದಿಯವರೆಲ್ಲ ಊಟಕ್ಕೆ ತಡವಾಗಿ ಎದ್ದರು.